ಕೆರೆ ಏರಿಯ ಮೇಲೆ ಮೊದಲ ಸವಾರಿ: ಎರಡೂ ಚಕ್ರಕ್ಕೆ ಸಸ್ಪೆನ್ಷನ್ ಇರುವ ಸೈಕಲ್ಲಿನ ಪಾಠ

ಚೆನ್ನೈಗೂ ಸೈಕಲ್ಲಿಗೂ ಹಳೆಯ ನಂಟು. 1949ರಲ್ಲಿ ಇಲ್ಲಿಯ ಅಂಬತ್ತೂರಿನಲ್ಲಿ ಟಿ.ಐ. ಸೈಕಲ್ಸ್ ಸಂಸ್ಥೆ ಆರಂಭವಾಯಿತು. ಅದು ತಯಾರಿಸಿದ ಹರ್ಕ್ಯುಲಿಸ್, ಬಿ.ಎಸ್.ಎ. ಸೈಕಲ್ಲುಗಳನ್ನು ನೋಡದ ಕನ್ನಡ ಮನೆ ಈ ಊರಿನಲ್ಲಿ ವಿರಳ. ನಮ್ಮ ತಲೆಮಾರಿನವರು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಸೈಕಲ್ ತಂದು ಕಲಿತವರು. ಕಾಲು ಎಟುಕದಿದ್ದರೆ ಬಾರಿನ ಕೆಳಗೆ ಕಾಲು ತೂರಿಸಿ ತುಳಿಯುತ್ತಿದ್ದೆವು. ತಾತ ತುಳಿದ ಸೈಕಲ್ಲನ್ನೇ ತಂದೆಯೂ, ತಂದೆ ತುಳಿದದ್ದನ್ನೇ ಮಗನೂ ತುಳಿದದ್ದುಂಟು. ಸೈಕಲ್ಲು ಯಾರಿಗೂ ಹೊಂದಿಕೊಳ್ಳುತ್ತಿರಲಿಲ್ಲ. ನಾವೇ ಅದಕ್ಕೆ ಹೊಂದಿಕೊಳ್ಳುತ್ತಿದ್ದೆವು.

ಆ ಅಭ್ಯಾಸಬಲವೇ ಕಳೆದ ಸಂಕ್ರಾಂತಿಯ ಮರುವಾರ ನಮ್ಮನ್ನು ನೆಲಕ್ಕೆ ಕೆಡವಿತು. ಮಗ ತನ್ನ ಉಳಿತಾಯದ ಹಣದಿಂದ ಹಿಂದೆ ಮುಂದೆ ಎರಡೂ ಕಡೆ ಸಸ್ಪೆನ್ಷನ್ ಇರುವ ಮೌಂಟನ್ ಬೈಕ್ ಒಂದನ್ನು ಕೊಂಡಿದ್ದ. ಮೊದಲ ಸವಾರಿಗೆ ನಾವೂ ಅವನೊಡನೆ ಹೊರಟೆವು. ಮರಳಿ ಬರುವಾಗ ನಮ್ಮ ಬಲ ಮಣಿಕಟ್ಟಿಗೆ ಬ್ಯಾಂಡೇಜು ಇತ್ತು. ಇಂಥ ಸೈಕಲ್ ಕೊಡಿಸಿರೆಂದು ಮಕ್ಕಳು ಕೇಳುತ್ತಿರುವ ಮನೆಗಳು ನಮ್ಮ ಸಮುದಾಯದಲ್ಲಿ ಹಲವಿರುವುದರಿಂದ, ಅಂದು ಕಲಿತದ್ದನ್ನು ಇಲ್ಲಿ ವಿವರಿಸುತ್ತಿದ್ದೇವೆ.

ಬೆಟ್ಟದ ಸೈಕಲ್ಲಿನ ಹಿನ್ನೆಲೆ

1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಪ್ರಾಂತ್ಯದಲ್ಲಿ ಕೆಲವು ಯುವಕರು ದಪ್ಪ ಟೈರಿನ ಹಳೆಯ ಸೈಕಲ್ಲುಗಳನ್ನು ಬೆಟ್ಟದ ಕಚ್ಚಾ ದಾರಿಗಳಲ್ಲಿ ಇಳಿಸತೊಡಗಿದರು. 1976ರಲ್ಲಿ ಅಲ್ಲಿ ಆರಂಭವಾದ ಓಟಕ್ಕೆ ‘ರೀಪ್ಯಾಕ್’ ಎಂದು ಹೆಸರು. ಒಂದೇ ಇಳಿಜಾರಿನಲ್ಲಿ ಹಿಂದಿನ ಬ್ರೇಕಿನ ಗ್ರೀಸು ಸುಟ್ಟುಹೋಗಿ, ಪ್ರತಿ ಸಲವೂ ಹೊಸದಾಗಿ ತುಂಬಬೇಕಾಗುತ್ತಿದ್ದುದೇ ಆ ಹೆಸರಿಗೆ ಕಾರಣ. 1989ರಲ್ಲಿ ರಾಕ್‌ಷಾಕ್ಸ್ ಕಂಪನಿಯ ಸಸ್ಪೆನ್ಷನ್ ಫೋರ್ಕು ಮಾರುಕಟ್ಟೆಗೆ ಬಂದಿತು. 1990ರ ದಶಕದಲ್ಲಿ ಹಿಂದಿನ ಚಕ್ರಕ್ಕೂ ಸಸ್ಪೆನ್ಷನ್ ಬಳಕೆಗೆ ಬಂದಿತು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಈ ಕ್ರೀಡೆಗೆ ಮೊದಲ ಬಾರಿ ಸ್ಥಾನ ದೊರೆಯಿತು.

ಸಸ್ಪೆನ್ಷನ್ನಿನ ಕೆಲಸವೇನು?

ಸವಾರನಿಗೆ ಮೆತ್ತನೆಯ ಆಸನ ಒದಗಿಸುವುದೇ ಇದರ ಉದ್ದೇಶವೆಂದು ನಾವು ಭಾವಿಸಿದ್ದೆವು. ಅದು ಅರ್ಧ ಸತ್ಯ. ಇದರ ಮುಖ್ಯ ಕೆಲಸ ಚಕ್ರವನ್ನು ನೆಲಕ್ಕೆ ಅಂಟಿಸಿಡುವುದು. ಸಾಧಾರಣ ಸೈಕಲ್ಲಿನ ಚಕ್ರ ಕಲ್ಲಿಗೆ ತಗುಲಿದರೆ ಗಾಳಿಗೆ ಎಗರುತ್ತದೆ. ಗಾಳಿಯಲ್ಲಿರುವ ಚಕ್ರಕ್ಕೆ ಬ್ರೇಕೂ ಹತ್ತದು, ತಿರುವೂ ಸಿಗದು. ಸಸ್ಪೆನ್ಷನ್ ಇದ್ದಲ್ಲಿ ಕಲ್ಲು ಬಂದಾಗ ಚಕ್ರ ಮಾತ್ರ ಮೇಲೇರುತ್ತದೆ, ಹಳ್ಳ ಬಂದಾಗ ಕೆಳಗಿಳಿಯುತ್ತದೆ. ಸವಾರನ ದೇಹ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಸಾಗುತ್ತದೆ.

ಚಕ್ರ ಹಳ್ಳಕ್ಕೆ ಇಳಿಯಬೇಕಾದರೆ ಅದಕ್ಕೆ ಕೆಳಗೆ ಅವಕಾಶವಿರಬೇಕಷ್ಟೆ. ಆದ್ದರಿಂದ ಸವಾರ ಸುಮ್ಮನೆ ಕುಳಿತಾಗಲೇ ಷಾಕ್ ಅಬ್ಸಾರ್ಬರು ಸ್ವಲ್ಪ ಕುಸಿದಿರಬೇಕು. ಇದಕ್ಕೆ ‘ಸ್ಯಾಗ್’ ಎನ್ನುತ್ತಾರೆ. ಸಾಮಾನ್ಯವಾಗಿ ಹಿಂದಿನ ಷಾಕಿನಲ್ಲಿ ಅದರ ಚಲನೆಯ ಶೇ. 25ರಿಂದ 30, ಮುಂದಿನ ಫೋರ್ಕಿನಲ್ಲಿ ಶೇ. 15ರಿಂದ 20ರಷ್ಟು ಸ್ಯಾಗ್ ಇಡುವುದು ರೂಢಿ. ಒಳ್ಳೆಯ ಸೈಕಲ್ಲುಗಳಲ್ಲಿ ಬಹುಪಾಲು ಸ್ಪ್ರಿಂಗಿನ ಬದಲು ಒತ್ತಿದ ಗಾಳಿಯಿರುತ್ತದೆ. ಸವಾರನ ತೂಕಕ್ಕೆ ತಕ್ಕಂತೆ ಆ ಗಾಳಿಯನ್ನು ವಿಶೇಷ ಪಂಪಿನಿಂದ ಏರಿಸಿ ಇಳಿಸಬಹುದು.

ಏರಿಯ ಮೇಲೆ ನಡೆದದ್ದು

ವಂಡಲೂರು-ಕೇಳಂಬಾಕ್ಕಂ ರಸ್ತೆಯಿಂದ ಒಳಗೆ ಒಂದು ಹಳ್ಳಿಯ ಕೆರೆ. ತಮಿಳಿನಲ್ಲಿ ಕೆರೆಗೇ ‘ಏರಿ’ ಎಂದು ಹೆಸರು. ನಮಗೆ ಏರಿಯೆಂದರೆ ಕೆರೆಯ ಕಟ್ಟೆ. ಹೀಗಾಗಿ ‘ಏರಿಯ ಏರಿ’ ಎಂದು ತಂದೆ ಮಗ ನಗುತ್ತ ಹೊರಟೆವು. ಬೆಳಗಿನ ಆರು ಗಂಟೆ. ಗಟ್ಟಿಯಾದ ಕೆಂಪು ಮಣ್ಣು, ಅಲ್ಲಲ್ಲಿ ಚೂಪುಗಲ್ಲು, ಮಳೆನೀರು ಕೊರೆದ ಕೊರಕಲು. ಮಗ ಎರಡು ಸುತ್ತು ಹಾರುತ್ತ ಬಂದ. ಸೈಕಲ್ಲು ಅವನ ಕೈಯಲ್ಲಿ ನೀರಿನಂತೆ ಹರಿಯುತ್ತಿತ್ತು.

ಆಮೇಲೆ ನಮ್ಮ ಸರದಿ. ಸಮತಟ್ಟಿನಲ್ಲಿ ಸುಖವೆನಿಸಿತು. ಏರಿಯಿಂದ ಇಳಿಯುವ ತಿರುವಿನಲ್ಲಿ ಮುಂದಿನ ಚಕ್ರ ಹಗುರಾಗಿ ಜಾರಿದಂತಾಯಿತು. “ಅಪ್ಪಾ, ಎದ್ದು ನಿಲ್ಲಿ, ಸೀಟಿನ ಮೇಲೆ ಕೂರಬೇಡಿ!” ಎಂದು ಮಗ ಕೂಗಿದ್ದು ಕೇಳಿಸಿತು, ನಾವು ಕುಳಿತೇ ಇದ್ದೆವು. ಕೊರಕಲಿಗೆ ಹಿಂದಿನ ಚಕ್ರ ಬಿದ್ದಾಗ ಷಾಕು ತಳಕ್ಕೆ ‘ಟಕ್’ ಎಂದು ಬಡಿದು ಸೀಟು ನಮ್ಮನ್ನು ಮುಂದಕ್ಕೆ ಎಸೆಯಿತು. ಹೆಲ್ಮೆಟ್ ತಲೆಯನ್ನು ಕಾಯಿತು. ಮಣಿಕಟ್ಟು ಉಳುಕಿತು. ಮೂರು ವಾರ ಬಲಗೈಯಲ್ಲಿ ಸಹಿ ಹಾಕಲಾಗಲಿಲ್ಲ. ಬ್ಯಾಂಕಿನ ಉದ್ಯೋಗದಲ್ಲಿರುವವರಿಗೆ ಇದರ ಕಷ್ಟವನ್ನು ಬಿಡಿಸಿ ಹೇಳಬೇಕಿಲ್ಲ. ಮನೆಯಾಕೆ ಸೈಕಲ್ಲಿಗೆ ಬೀಗ ಹಾಕಿ ಬೀಗದ ಕೈಯನ್ನು ತಾವೇ ಇಟ್ಟುಕೊಂಡರು. ನಮ್ಮ ನೋವಿಗಿಂತ, ತಪ್ಪು ತನ್ನದೆಂದು ಮಗ ಮಾತು ಬಿಟ್ಟು ಕುಳಿತದ್ದೇ ಹೆಚ್ಚು ಕಾಡಿತು.

ಆರು ಮಿಲಿಮೀಟರಿನ ಅಂತರ

ಕೈ ಸುಧಾರಿಸಿದ ಮೇಲೆ ಅಪ್ಪ ಮಗ ಕುಳಿತು ಲೆಕ್ಕ ನೋಡಿದೆವು. ಷಾಕಿನ ಕೊಳವೆಯ ಮೇಲೆ ಒಂದು ಸಣ್ಣ ರಬ್ಬರ್ ಉಂಗುರವಿರುತ್ತದೆ. ಅದನ್ನು ಅಂಚಿಗೆ ಸರಿಸಿ, ಗೋಡೆ ಹಿಡಿದು ಮೆಲ್ಲಗೆ ಸೀಟಿನಲ್ಲಿ ಕುಳಿತು ಇಳಿದರೆ, ಉಂಗುರ ಎಷ್ಟು ಸರಿದಿದೆಯೋ ಅಷ್ಟೇ ಸ್ಯಾಗ್. ನಮ್ಮ ಸೈಕಲ್ಲಿನ ಷಾಕಿನ ಪೂರ್ಣ ಚಲನೆ 50 ಮಿ.ಮೀ. ಮಗನ ತೂಕ 58 ಕಿಲೋ. ಉಂಗುರ ಸರಿದದ್ದು 15 ಮಿ.ಮೀ., ಅಂದರೆ ಶೇ. 30. ನಮ್ಮ ತೂಕ 84 ಕಿಲೋ. ಸರಿದದ್ದು 21 ಮಿ.ಮೀ., ಶೇ. 42. ಹಿಂಭಾಗ ಇಷ್ಟು ಕುಸಿದರೆ ಮುಂಭಾಗ ಎದ್ದು ಮುಂದಿನ ಚಕ್ರದ ಹಿಡಿತ ತಗ್ಗುತ್ತದೆ; ಹಳ್ಳ ಬಂದಾಗ ಉಳಿದ ಚಲನೆ ಸಾಲದೆ ತಳ ತಟ್ಟುತ್ತದೆ. ಮಗನಿಗೆ ಹೊಂದಿದ್ದ ಗಾಡಿ ನಮಗೆ ಹೊಂದಿರಲಿಲ್ಲ, ಅಷ್ಟೆ. ಗಾಳಿ ಹೆಚ್ಚಿಸಿ ನಮಗೂ 15 ಮಿ.ಮೀ.ಗೆ ತಂದ ದಿನ ಮನೆಯಾಕೆ ಉಂಗುರವನ್ನು ತಾವೇ ನೋಡಿ, ಬೀಗದ ಕೈ ಹಿಂದಿರುಗಿಸಿದರು.

ಮೊದಲ ಸವಾರಿಗೆ ಮುನ್ನ ಇನ್ನೂ ಕೆಲವನ್ನು ಗಮನಿಸಬೇಕು. ಕುಸಿದ ಷಾಕು ಎಷ್ಟು ಬೇಗ ಹಿಂದಿರುಗಬೇಕೆಂಬುದನ್ನು ನಿಯಂತ್ರಿಸುವ ‘ರಿಬೌಂಡ್’ ತಿರುಪು ಇರುತ್ತದೆ. ಕುಳಿತಂತೆಯೇ ಪಾದಚಾರಿ ಕಟ್ಟೆಯಿಂದ ಇಳಿದಾಗ ಸೈಕಲ್ಲು ಒಂದು ಸಲ ಎದ್ದು ನೆಲೆ ನಿಂತರೆ ಸರಿ. ಮತ್ತೆ ಮತ್ತೆ ಕುಣಿದರೆ ತಿರುಪನ್ನು ನಿಧಾನದ ಕಡೆಗೆ ತಿರುಗಿಸಬೇಕು. ಹೊಸ ಡಿಸ್ಕ್ ಬ್ರೇಕು ಮೊದಲ ದಿನವೇ ಪೂರ್ಣವಾಗಿ ಹಿಡಿಯದು. ಖಾಲಿ ರಸ್ತೆಯಲ್ಲಿ ಇಪ್ಪತ್ತು ಸಲವಾದರೂ ವೇಗ ಹಿಡಿದು, ಚಕ್ರ ಕಚ್ಚದಂತೆ ಬ್ರೇಕ್ ಹಾಕಿ ಪಳಗಿಸಬೇಕು. ಇಳಿಜಾರಿನಲ್ಲಿ ಎರಡೂ ಪೆಡಲನ್ನು ಸಮಮಟ್ಟದಲ್ಲಿಟ್ಟು ಎದ್ದು ನಿಂತು, ಮೊಣಕಾಲು ಮೊಣಕೈ ಸಡಿಲಿಸಿ, ದೃಷ್ಟಿಯನ್ನು ಚಕ್ರದ ಬಳಿ ನೆಡದೆ ಮುಂದಿನ ದಾರಿಯ ಮೇಲಿಡಬೇಕು. ಬ್ರೇಕನ್ನು ತಿರುವಿಗೆ ಮೊದಲೇ ಹಾಕಬೇಕು, ತಿರುವಿನ ನಡುವೆ ಅಲ್ಲ.

ಕೊಳ್ಳುವಾಗ, ಓಡಿಸುವಾಗ

ಕೆಲವೇ ಸಾವಿರ ರೂಪಾಯಿಗೆ ‘ಡಬಲ್ ಷಾಕ್’ ಎಂದು ಸಿಗುವ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಬರಿಯ ಸುರುಳಿ ಸ್ಪ್ರಿಂಗಿರುತ್ತದೆ. ಅದರ ಕುಣಿತವನ್ನು ತಡೆಯುವ ವ್ಯವಸ್ಥೆ ಇರುವುದಿಲ್ಲ. ಭಾರ ಹೆಚ್ಚು; ತುಳಿದ ಶಕ್ತಿಯಲ್ಲಿ ಒಂದಷ್ಟು ಕುಣಿತದಲ್ಲೇ ಕಳೆದುಹೋಗುತ್ತದೆ. ನಿಜವಾದದ್ದರ ಬೆಲೆ ಲಕ್ಷ ರೂಪಾಯಿ ದಾಟುತ್ತದೆ. ಬೆಸಂಟ್ ನಗರದಿಂದ ಪೂರ್ವ ಕರಾವಳಿ ರಸ್ತೆಯಲ್ಲಿ ಮುಟ್ಟುಕಾಡಿಗೆ ಹೋಗಿಬರುವಷ್ಟೇ ಉದ್ದೇಶವಿದ್ದರೆ ಸಸ್ಪೆನ್ಷನ್ ಬೇಕಾಗಿಯೇ ಇಲ್ಲ.

ಇನ್ನು ದಾರಿಯ ಮಾತು. ನನ್ಮಂಗಲಂ, ವಂಡಲೂರಿನ ಕಾಡುಗಳು ಮೀಸಲು ಅರಣ್ಯಗಳು. ಅನುಮತಿಯಿಲ್ಲದೆ ಅಲ್ಲಿ ಪ್ರವೇಶಿಸುವುದು ಅಪರಾಧ. ಬೆಂಗಳೂರಿನ ನೆಂಟರ ಮಕ್ಕಳು ಹೊಗಳುವ ತುರಹಳ್ಳಿಯೂ ಅರಣ್ಯ ಇಲಾಖೆಯ ಭೂಮಿಯೇ. 2018ರ ಮಾರ್ಚ್‌ನಲ್ಲಿ ತೇಣಿ ಜಿಲ್ಲೆಯ ಕುರಂಗಣಿಯಲ್ಲಿ ಚಾರಣಿಗರು ಕಾಡ್ಗಿಚ್ಚಿಗೆ ಸಿಲುಕಿ ಪ್ರಾಣ ಕಳೆದುಕೊಂಡದ್ದನ್ನು ನಾವು ಮರೆಯುವಂತಿಲ್ಲ. ಊರವರನ್ನು ಕೇಳಿ ಕೆರೆ ಏರಿಯ ಮೇಲೆ ಓಡಿಸುವುದು ಸಾಕು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಮಳೆಯಲ್ಲಿ ಅದೂ ಬೇಡ. ಒದ್ದೆ ಏರಿಯಲ್ಲಿ ಚಕ್ರದ ಗೀರು ಬಿದ್ದರೆ ನೀರು ಅದೇ ಜಾಡಿನಲ್ಲಿ ಮಣ್ಣನ್ನು ಕೊರೆಯುತ್ತದೆ.

ಈಗ ನಮ್ಮ ಮನೆಯಲ್ಲಿ ಸೈಕಲ್ಲಿನ ಪಕ್ಕದ ಗೋಡೆಯ ಮೇಲೆ ಒಂದು ಚೀಟಿ ಅಂಟಿಸಿದೆ. ಅದರಲ್ಲಿ ಮಗನ ಗಾಳಿಯ ಒತ್ತಡ ಒಂದು ಸಾಲು, ನಮ್ಮದು ಇನ್ನೊಂದು ಸಾಲು. ಸವಾರ ಬದಲಾದಾಗ ಮೊದಲು ಪಂಪು, ಆಮೇಲೆ ಪೆಡಲು.