ರತ್ತಮೊನ್ತ್ರಿ: ಥಾಯ್ಲೆಂಡಿನ ಜನರಲ್ ಪ್ರವಿತ್ ಮಂತ್ರಿಯಾದ ಬಗೆ

ಕನ್ನಡ ಎಂ.ಎ. ಓದುವವಳಿಗೆ ಥಾಯ್ಲೆಂಡಿನ ಸೇನಾಧಿಕಾರಿಯ ವಿಷಯ ಯಾಕೆ ಬೇಕಿತ್ತು ಅಂತ ಕೆಲವರಿಗೆ ಅನ್ನಿಸಬಹುದು. ನನ್ನನ್ನು ಅಲ್ಲಿಗೆ ಎಳೆದದ್ದು ಪದಗಳು. ಕಾಸರಗೋಡಿನವರಿಗೆ ಇದು ರೂಢಿ: 'ಪ್ರಸಂಗ' ಅಂದರೆ ಕನ್ನಡದಲ್ಲಿ ನಮಗೆ ಯಕ್ಷಗಾನದ ಕಥೆ, ಮಲಯಾಳದಲ್ಲಿ ಭಾಷಣ. ಪದ ಒಂದೇ, ಒಳಗಿನ ಸರಕು ಬೇರೆ. ಥಾಯ್ ಭಾಷೆಯಲ್ಲಿ ಸಚಿವರಿಗೆ 'ರತ್ತಮೊನ್ತ್ರಿ' ಅಂತಾರೆ; ಬಿಡಿಸಿದರೆ ರಾಷ್ಟ್ರ, ಮಂತ್ರಿ. ಕ್ಷಿಪ್ರಕ್ರಾಂತಿಗೆ 'ರತ್ತಪ್ರಹಾನ್', ಅಂದರೆ ರಾಷ್ಟ್ರ, ಪ್ರಹಾರ. ಈ ಪ್ರಹಾರದಿಂದ ಮಂತ್ರಿ ಹೇಗೆ ಹುಟ್ಟುತ್ತಾನೆ ಅನ್ನುವುದನ್ನು ಜನರಲ್ ಪ್ರವಿತ್ ವೊಂಗ್ಸುವಾನ್ ಅವರ ವೃತ್ತಿಜೀವನದಲ್ಲಿ ನೋಡಬಹುದು.

ಪ್ರವಿತ್ ಹುಟ್ಟಿದ್ದು 1945ರಲ್ಲಿ. ಅವರು ಬೆಳೆದದ್ದು ದೇಶದ ಪೂರ್ವಭಾಗದ ಪ್ರಾಚಿನ್‌ಬುರಿಯಲ್ಲಿ ನೆಲೆಸಿದ ಎರಡನೇ ಪದಾತಿ ಡಿವಿಷನ್‌ನಲ್ಲಿ. (ಊರ ಹೆಸರಿನ 'ಪ್ರಾಚೀನ'ಕ್ಕೆ ಇಲ್ಲಿ ಹಳೆಯದು ಅಂತ ಅರ್ಥವಲ್ಲ, ಮೂಡಣ ಅಂತ.) ಅಲ್ಲಿಂದ ಬಂದ ಅಧಿಕಾರಿಗಳ ಬಳಗಕ್ಕೆ 'ಬುರಫಾ ಪಯಕ್' ಅಂತ ಹೆಸರು, ಪೂರ್ವದ ವ್ಯಾಘ್ರಗಳು. ಪ್ರವಿತ್ 2004–05ರಲ್ಲಿ ಭೂಸೇನೆಯ ಮುಖ್ಯಸ್ಥರಾದರು. 2007ರಲ್ಲಿ ಅದೇ ಬಳಗದ ಅನುಪೊಂಗ್ ಪಾವೊಚಿಂದಾ, 2010ರಲ್ಲಿ ಪ್ರಯುತ್ ಚಾನ್-ಓಚಾ ಆ ಕುರ್ಚಿಗೆ ಬಂದರು. ನನ್ನ ದೃಷ್ಟಿಯಲ್ಲಿ ಇಡೀ ಕಥೆಯ ಗುಟ್ಟು ಇಲ್ಲೇ ಇದೆ. ಈ ಅಣ್ಣ-ತಮ್ಮಂದಿರ ಸಾಲಿನಲ್ಲಿ ಪ್ರವಿತ್ ಹಿರಿಯಣ್ಣ. ನಿವೃತ್ತಿಯಾದ ಮೇಲೂ ಹಿರಿತನ ನಿವೃತ್ತಿಯಾಗಲಿಲ್ಲ.

2008ರ ಕೊನೆಗೆ ಅಭಿಸಿತ್ ಸರ್ಕಾರದಲ್ಲಿ ಅವರು ರಕ್ಷಣಾ ಮಂತ್ರಿಯಾದರು. 2010ರಲ್ಲಿ ಬ್ಯಾಂಕಾಕಿನ ಕೆಂಪು ಅಂಗಿಯವರ ಚಳವಳಿಯನ್ನು ಸೇನೆ ಹತ್ತಿಕ್ಕಿದಾಗ ಆ ಖಾತೆ ಅವರದೇ. ಆ ಎರಡು ತಿಂಗಳ ಸಂಘರ್ಷದಲ್ಲಿ 90ಕ್ಕೂ ಹೆಚ್ಚು ಜನ ಸತ್ತರು. 2014ರ ಮೇ 22ರಂದು ಪ್ರಯುತ್ ಕ್ಷಿಪ್ರಕ್ರಾಂತಿ ನಡೆಸಿದರು. ಆಮೇಲೆ ಪ್ರಯುತ್ ಪ್ರಧಾನಿ, ಪ್ರವಿತ್ ಉಪಪ್ರಧಾನಿ ಮತ್ತು ರಕ್ಷಣಾ ಮಂತ್ರಿ, ಅನುಪೊಂಗ್ ಒಳಾಡಳಿತ ಮಂತ್ರಿ. ಒಂದೇ ಡಿವಿಷನ್ನಿನ ಮೂವರು ಹೋಗಿ ಸಂಪುಟದಲ್ಲಿ ಕೂತರು, ಅಷ್ಟೆ! ಯಾರೂ ಓಟು ಕೇಳಿರಲಿಲ್ಲ.

ಜನ ಅವರನ್ನು ಹೆಚ್ಚು ನೆನಪಿಟ್ಟದ್ದು ಮಾತ್ರ ಗಡಿಯಾರಗಳಿಂದ. 2017ರ ಡಿಸೆಂಬರ್‌ನಲ್ಲಿ ಹೊಸ ಸಂಪುಟದ ಗುಂಪು ಫೋಟೋ ತೆಗೆಯುವಾಗ ಬಿಸಿಲಿಗೆ ಕೈ ಅಡ್ಡ ಹಿಡಿದರು. ಮಣಿಕಟ್ಟಿನಲ್ಲಿ ರಿಚರ್ಡ್ ಮಿಲ್ ಗಡಿಯಾರ, ಬೆರಳಲ್ಲಿ ವಜ್ರದ ಉಂಗುರ. ಆಸ್ತಿ ವಿವರದಲ್ಲಿ ಆ ಗಡಿಯಾರ ಇರಲಿಲ್ಲ. ಹಳೇ ಫೋಟೋ ಹುಡುಕಿದವರಿಗೆ ಇಪ್ಪತ್ತಕ್ಕೂ ಹೆಚ್ಚು ದುಬಾರಿ ಗಡಿಯಾರ ಸಿಕ್ಕವು. ತೀರಿಹೋದ ಸ್ನೇಹಿತರೊಬ್ಬರಿಂದ ಎರವಲು ತಂದದ್ದು, ವಾಪಸ್ ಕೊಟ್ಟಾಗಿದೆ ಅನ್ನೋದು ಅವರ ವಿವರಣೆ. ಒಂದು ವರ್ಷದ ನಂತರ ಭ್ರಷ್ಟಾಚಾರ ನಿಗ್ರಹ ಆಯೋಗ 5–3 ಮತಗಳಿಂದ ಪ್ರಕರಣ ಕೈಬಿಟ್ಟಿತು. ಅವರು ಹುದ್ದೆ ಬಿಡಲಿಲ್ಲ. ಬಿಡಿಸುವವರಾದರೂ ಯಾರು? ಮತದಾರರು ಕೂರಿಸಿದ್ದರೆ ತಾನೆ ಇಳಿಸುವುದು.

ಆಮೇಲೆ ಮತಪೆಟ್ಟಿಗೆಯೂ ಬಂತು, ಆದರೆ ಸಿದ್ಧತೆ ಮಾಡಿಕೊಂಡೇ ಬಂತು. 2017ರ ಸಂವಿಧಾನದ ಪ್ರಕಾರ ಮೊದಲ ಐದು ವರ್ಷ, ನೇಮಕಗೊಂಡ 250 ಸೆನೆಟರ್‌ಗಳು 500 ಜನಪ್ರತಿನಿಧಿಗಳ ಜೊತೆ ಕೂತು ಪ್ರಧಾನಿಯನ್ನು ಆರಿಸಬೇಕಿತ್ತು. 2019ರಲ್ಲಿ ಪ್ರಯುತ್‌ಗೆ ಬಿದ್ದ 500 ಮತಗಳಲ್ಲಿ 249 ಸೆನೆಟರ್‌ಗಳದ್ದು. ಪ್ರವಿತ್ 2020ರಲ್ಲಿ ಪಲಂಗ್ ಪ್ರಚಾರತ್ ಪಕ್ಷದ ನಾಯಕರಾದರು. ಆ 'ಪ್ರಚಾರತ್' ನಮ್ಮ ಪ್ರಜಾ, ರಾಷ್ಟ್ರ ಸೇರಿ ಆದದ್ದು. 2022ರಲ್ಲಿ ನ್ಯಾಯಾಲಯ ಪ್ರಯುತ್ ಅವರನ್ನು ಅಮಾನತಿನಲ್ಲಿಟ್ಟಾಗ ಐದು ವಾರ ಹಂಗಾಮಿ ಪ್ರಧಾನಿಯೂ ಆದರು. ಆ ಹೊತ್ತಿಗೆ ಅಣ್ಣ-ತಮ್ಮಂದಿರ ದಾರಿ ಬೇರೆಯಾಗತೊಡಗಿತ್ತು. 2023ರ ಚುನಾವಣೆಗೆ ಪ್ರಯುತ್ ಬೇರೆ ಪಕ್ಷದಿಂದ ನಿಂತರು. ಪ್ರವಿತ್ ಪಕ್ಷಕ್ಕೆ 500ರಲ್ಲಿ ದಕ್ಕಿದ್ದು 40 ಸ್ಥಾನ.

ಅತಿ ಹೆಚ್ಚು ಸ್ಥಾನ ಗೆದ್ದದ್ದು ಮೂವ್ ಫಾರ್ವರ್ಡ್ ಪಕ್ಷ. ಅದರ ನಾಯಕ ಪಿಟಾ ಪ್ರಧಾನಿಯಾಗದ ಹಾಗೆ ತಡೆದದ್ದು ಅದೇ ನೇಮಕಗೊಂಡ ಸೆನೆಟ್.