ಬೇರು ಸಮೇತ ತೂಗಿದ ಗಿಡ

ತುಮಕೂರು ಜಿಲ್ಲೆಯ ಕೊಳಾಲ, ಮಧುಗಿರಿ, ಶಿರಾ, ಪಾವಗಡದ ಕಡೆಯಿಂದ ಬರುವ ಗಾಂಜಾ ಸುದ್ದಿಗಳು ಹೆಚ್ಚುಕಮ್ಮಿ ಒಂದೇ ಅಚ್ಚಿನವು. ಮುಸುಕಿನ ಜೋಳವೋ ತೊಗರಿಯೋ ಚೆಂಡುಹೂವೋ ಇರುವ ಹೊಲ, ಸಾಲುಗಳ ನಡುವೆ ನಾಲ್ಕಾರು ಗಿಡ, ಖಚಿತ ಮಾಹಿತಿ ಮೇರೆಗೆ ದಾಳಿ. ಪತ್ರಾಂಕಿತ ಅಧಿಕಾರಿ ಬರಬೇಕು, ಊರಿನ ಇಬ್ಬರು ಪಂಚರಾಗಿ ನಿಲ್ಲಬೇಕು. ಗಿಡವನ್ನು ಬುಡಸಮೇತ ಕಿತ್ತು, ಬೇರಿನ ಮಣ್ಣು ಕೊಡವಿ, ಹುರಿಯಲ್ಲಿ ಕಟ್ಟಿ ತಕ್ಕಡಿಗೆ ಏರಿಸುತ್ತಾರೆ. ಮರುದಿನದ ಪತ್ರಿಕೆಯಲ್ಲಿ ಹಸಿರು ಹೊರೆಯ ಹಿಂದೆ ಸಾಲಾಗಿ ನಿಂತ ಪೊಲೀಸರ ಫೋಟೊ, ಪಕ್ಕದಲ್ಲಿ ಕಿಲೋ ಲೆಕ್ಕ.

ಆ ಕಿಲೋ ಲೆಕ್ಕದಲ್ಲೇ ಅರ್ಧ ಜಗಳ ಅಡಗಿದೆ. 1985ರ ಮಾದಕ ದ್ರವ್ಯ ಕಾಯ್ದೆ, ಅಂದರೆ ಎಲ್ಲರ ಬಾಯಲ್ಲಿರುವ ಎನ್‌ಡಿಪಿಎಸ್, ಗಾಂಜಾ ಅನ್ನುವುದು ಗಿಡದ ಹೂಬಿಟ್ಟ ಅಥವಾ ಕಾಯಿಗಟ್ಟಿದ ತುದಿಯನ್ನು ಮಾತ್ರ. ತುದಿ ಜೊತೆಗಿಲ್ಲದಿದ್ದರೆ ಎಲೆಯೂ ಬೀಜವೂ ಆ ಲೆಕ್ಕಕ್ಕೆ ಬರುವುದಿಲ್ಲ. ಒಂದು ಕಿಲೋವರೆಗೆ ಸಣ್ಣ ಪ್ರಮಾಣ, 20 ಕಿಲೋ ದಾಟಿದರೆ ವಾಣಿಜ್ಯ ಪ್ರಮಾಣ. ವಾಣಿಜ್ಯ ಪ್ರಮಾಣವಾದರೆ ಕನಿಷ್ಠ 10 ವರ್ಷ ಜೈಲು. ಆರೋಪಿ ತಪ್ಪಿತಸ್ಥನಲ್ಲ ಎಂದು ಮೇಲ್ನೋಟಕ್ಕೆ ಮನವರಿಕೆಯಾಗದ ಹೊರತು ನ್ಯಾಯಾಲಯ ಜಾಮೀನನ್ನೂ ಕೊಡುವಂತಿಲ್ಲ. ಬೇರು, ಕಾಂಡ, ಹಸಿ ಎಲೆಯ ನೀರು ಎಲ್ಲ ಸೇರಿದ ತೂಕ ಒಬ್ಬ ರೈತನನ್ನು ಒಂದು ಕಲಮಿನಿಂದ ಇನ್ನೊಂದಕ್ಕೆ ಎತ್ತಿ ಹಾಕಬಲ್ಲದು. ಜಾಮೀನು ಅರ್ಜಿಗಳಲ್ಲಿ ವಕೀಲರು ಮೊದಲು ಎತ್ತುವ ತಕರಾರೂ ಇದೇ.

ಹೂವಿಗೂ ಎಲೆಗೂ ನಡುವಿನ ಈ ಗೆರೆ ಹೇಗೆ ಬಿತ್ತೆಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1839ರಲ್ಲಿ ಕಲ್ಕತ್ತೆಯ ವೈದ್ಯ ವಿಲಿಯಂ ಓ'ಶಾಗ್ನೆಸಿ ಧನುರ್ವಾಯು, ಕಾಲರಾ, ಮಗುವಿನ ಸೆಳವಿನ ರೋಗಿಗಳಿಗೆ ಈ ಗಿಡದ ಸಾರ ಕೊಟ್ಟು ನೋಡಿ ಬರೆದಿಟ್ಟ. ಅಲ್ಲಿಂದ ಅದು ಲಂಡನ್ನಿನ ಔಷಧ ಅಂಗಡಿಗಳಿಗೆ ಹೋಯಿತು. ಅದೇ ಶತಮಾನದ ಕೊನೆಗೆ ಅಲ್ಲಿನ ಪಾನನಿರೋಧಿಗಳು, ಗಾಂಜಾದಿಂದ ಹಿಂದೂಸ್ತಾನದ ಹುಚ್ಚಾಸ್ಪತ್ರೆಗಳು ತುಂಬುತ್ತಿವೆಯೆಂದು ಸಂಸತ್ತಿನಲ್ಲಿ ಗದ್ದಲ ಎಬ್ಬಿಸಿದರು. 1893ರಲ್ಲಿ ಆಯೋಗ ಕೂತಿತು. ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ಕೇಳಿ, ಏಳು ಸಂಪುಟ ಬರೆದು, ಮಿತ ಬಳಕೆಯಿಂದ ದೊಡ್ಡ ಹಾನಿಯಿಲ್ಲ, ನಿಷೇಧ ಬೇಡ, ತೆರಿಗೆ ಹಾಕಿ ಹತೋಟಿಯಲ್ಲಿಡಿ ಎಂದಿತು. ದನಕರುಗಳ ಕಾಯಿಲೆಗೆ ಹಳ್ಳಿಗರು ಇದನ್ನು ಕೊಡುತ್ತಿದ್ದುದೂ ಆ ಸಂಪುಟಗಳಲ್ಲಿ ದಾಖಲಾಗಿದೆ. ಮೈಸೂರು ಸಂಸ್ಥಾನದಲ್ಲೂ ಗಾಂಜಾ ಅಬಕಾರಿ ಬಾಬ್ತಿನ ಸರಕೇ ಆಗಿತ್ತು.

ಹಾಗೆಂದು ನಮ್ಮ ಸೀಮೆಯಲ್ಲಿ ಇದು ಮನೆಯೊಳಗಿನ ವಸ್ತು ಯಾವತ್ತೂ ಆಗಿರಲಿಲ್ಲ. ಕಾಶಿಯ ಶಿವರಾತ್ರಿ ಭಾಂಗ್‌ನದಾದರೆ ನಮ್ಮದು ತಂಬಿಟ್ಟಿನದು. ಇಲ್ಲಿ ಚಿಲುಮೆ ಕಂಡದ್ದು ಗುಡಿಯ ಜಗಲಿಯಲ್ಲಿ ತಂಗುವ ಬೈರಾಗಿಗಳ ಕೈಯಲ್ಲಿ. ಅವರಿಗೆ ಭಿಕ್ಷೆ ನೀಡಿದ ಗೃಹಸ್ಥ, ಮಗ ಅದರ ಹತ್ತಿರ ಸುಳಿದರೆ ಬಾರುಕೋಲು ಹಿಡಿಯುತ್ತಿದ್ದ. ಉತ್ತರ ಕರ್ನಾಟಕದ ಮಾತು ಬೇರೆ. ಸುರಪುರ ತಾಲ್ಲೂಕಿನ ತಿಂಥಿಣಿ ಮೌನೇಶ್ವರನ ಜಾತ್ರೆಯಲ್ಲಿ ಅದು ಪ್ರಸಾದವಾಗಿಯೇ ನಡೆದುಬಂದಿದೆ, ಆರೂಢ-ಅವಧೂತ ಪಂಥಗಳಲ್ಲಿ ಸಾಧನೆಯ ಭಾಗವೆಂದು ನಂಬಿದವರಿದ್ದಾರೆ. ತುಮಕೂರು ಸೀಮೆಯ ಜನ ಗಾಂಜಾ ವಿಷಯಕ್ಕೆ ಮುಖ ಸಿಂಡರಿಸುವುದನ್ನು ಬರೀ ಪೊಲೀಸರ ಭಯವೆಂದು ತಳ್ಳಿಹಾಕುವ ಹಾಗಿಲ್ಲ.

ನಿಷೇಧ ಬಂದದ್ದು ಹೊರಗಿನಿಂದ. 1961ರ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಸಹಿ ಹಾಕುವಾಗ ಭಾರತ ಎರಡು ಕಡೆ ಹಗ್ಗ ಎಳೆಯಿತು: ಎಲೆಯನ್ನು ಪಟ್ಟಿಯಿಂದ ಹೊರಗಿಡಿಸಿತು, ಉಳಿದದ್ದಕ್ಕೆ 25 ವರ್ಷಗಳ ಗಡುವು ಪಡೆಯಿತು. ಗಡುವು ಮುಗಿಯುವ ಮುನ್ನ, 1985ರ ನವೆಂಬರ್ 14ರಂದು, ಎನ್‌ಡಿಪಿಎಸ್ ಜಾರಿಯಾಯಿತು. ಹೆಚ್ಚು ಜನ ಓದದ ಸಾಲುಗಳು ಆ ಕಾಯ್ದೆಯಲ್ಲಿವೆ. ಎಂಟನೇ ಕಲಮು ಎಲ್ಲವನ್ನೂ ನಿಷೇಧಿಸುತ್ತಲೇ ವೈದ್ಯಕೀಯ ಮತ್ತು ವೈಜ್ಞಾನಿಕ ಉದ್ದೇಶವನ್ನು ಹೊರಗಿಡುತ್ತದೆ. ಹತ್ತನೇ ಕಲಮು ಗಾಂಜಾ ಗಿಡ ಬೆಳೆಯಲು ಅನುಮತಿ ಕೊಡುವ, ನಿಯಂತ್ರಿಸುವ ಅಧಿಕಾರವನ್ನು ರಾಜ್ಯ ಸರ್ಕಾರಗಳಿಗೇ ಬಿಟ್ಟಿದೆ. ಕಾನೂನು ತಿದ್ದದೆ ಏನೂ ಮಾಡಲಾಗದು ಎನ್ನುವ ರಾಜಕಾರಣಿ ಈ ಎರಡು ಕಲಮು ಓದಿಲ್ಲ, ಅಥವಾ ಓದಿಯೂ ಸುಮ್ಮನಿದ್ದಾರೆ.

ಕಾಯ್ದೆಯಲ್ಲಿ ಅವಕಾಶವಿದ್ದ ಮಾತ್ರಕ್ಕೆ ಔಷಧ ರೋಗಿಗೆ ದಕ್ಕುವುದಿಲ್ಲ ಎಂಬುದನ್ನು ಮಾರ್ಫಿನ್ ಕತೆ ತೋರಿಸಿಕೊಟ್ಟಿದೆ. ಕ್ಯಾನ್ಸರ್ ನೋವಿಗೆ ಮಾರ್ಫಿನ್ ಕೊಡುವುದು ಎಂದೂ ಅಕ್ರಮವಾಗಿರಲಿಲ್ಲ. ಆದರೂ 1985ರ ನಂತರ ಪರವಾನಗಿಗಳ ಸರಪಳಿಗೆ, ಕೇಸಿನ ಭಯಕ್ಕೆ ಆಸ್ಪತ್ರೆಗಳು ಅದನ್ನು ಇಡುವುದನ್ನೇ ಬಿಟ್ಟವು. ದೇಶದ ವೈದ್ಯಕೀಯ ಬಳಕೆ ಹತ್ತಾರು ವರ್ಷಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಕುಸಿಯಿತು. 2014ರ ತಿದ್ದುಪಡಿ ನಿಯಮಗಳನ್ನು ಸಡಿಲಿಸಬೇಕಾಯಿತು. ನೋವು ತಡೆಯಲಾರದ ರೋಗಿಯನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಬೆಂಗಳೂರಿನ ಕಿದ್ವಾಯಿಗೆ ಹೋಗಿಬರುವ ಪಾವಗಡದ ಮನೆಯವರಿಗೆ ಆ ಮೂರು ದಶಕಗಳ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಕರ್ನಾಟಕದ ಮಟ್ಟಿಗೆ ಎಲ್ಲವೂ ಒಂದರ ಮೇಲೊಂದು ಬಿದ್ದದ್ದು 2020ರಲ್ಲಿ. ಫೆಬ್ರುವರಿಯಲ್ಲಿ ಕೋರಮಂಗಲದಲ್ಲಿ ಹೆಂಪ್‌ಕ್ಯಾನ್ ಎಂಬ ಕಂಪನಿ ದೇಶದ ಮೊದಲ ಗಾಂಜಾ ಔಷಧ ಚಿಕಿತ್ಸಾಲಯವೆಂದು ಹೇಳಿಕೊಂಡು ಬಾಗಿಲು ತೆರೆಯಿತು. ಇಂಥ ಮಾರಾಟಕ್ಕೆ ಆಧಾರ ಆಯುರ್ವೇದ: ಅಲ್ಲಿ ಇದರ ಹೆಸರು ವಿಜಯಾ, ಬಳಸುವುದು ಎಲೆ. ಎಲೆಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಹಸಿರು ಬಣ್ಣ ಬಿಡುವುದು ನಿಲ್ಲುವತನಕ ನೀರಿನಲ್ಲಿ ಅದ್ದಿ ಹಿಂಡಿ, ಒಣಗಿಸಿ, ಹಸುವಿನ ತುಪ್ಪದಲ್ಲಿ ಸಣ್ಣ ಉರಿಯ ಮೇಲೆ ಹುರಿದು ಶುದ್ಧಿ ಮಾಡುತ್ತಾರೆ. ಹೊಟ್ಟೆಯ ತೊಂದರೆಗೆ ಕೊಡುವ ಜಾತಿಫಲಾದಿ ಚೂರ್ಣದಲ್ಲಿ ಅದು ಸೇರುತ್ತದೆ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಸ್ಯಾಂಡಲ್‌ವುಡ್ ಡ್ರಗ್ಸ್ ಪ್ರಕರಣ. ವಾರಗಟ್ಟಲೆ ಟಿವಿಯಲ್ಲಿ ಬೇರೆ ಸುದ್ದಿಯಿರಲಿಲ್ಲ. ಡಿಸೆಂಬರ್ 2ರಂದು ವಿಯೆನ್ನಾದಲ್ಲಿ ವಿಶ್ವಸಂಸ್ಥೆಯ ಮಾದಕ ದ್ರವ್ಯ ಆಯೋಗ 27-25 ಮತಗಳಿಂದ ಗಾಂಜಾವನ್ನು ಅತ್ಯಂತ ಕಠಿಣ ಪಟ್ಟಿಯಿಂದ ಕೆಳಗಿಳಿಸಿತು. ಭಾರತ ಪರವಾಗಿ ಮತ ಹಾಕಿತ್ತು. ನಮ್ಮ ಚಾನೆಲ್‌ಗಳಿಗೆ ಅದು ಒಂದು ಸಂಜೆಯ ಚರ್ಚೆಗೂ ಸಾಲಲಿಲ್ಲ.

2022ರಲ್ಲಿ ಹೈಕೋರ್ಟ್ ಹಳೆಯ ಗೆರೆಗೇ ಬಂದು ನಿಂತಿತು. ಬೆಂಗಳೂರಿನಲ್ಲಿ ಎಲೆಯಿಂದ ಮಾಡುವ ಭಾಂಗ್ 29 ಕಿಲೋ, ಗಾಂಜಾ 400 ಗ್ರಾಂ ಇಟ್ಟುಕೊಂಡ ಆರೋಪದ ಪ್ರಕರಣ. ಭಾಂಗ್ ಕಾಯ್ದೆಯ ನಿಷೇಧದ ಪಟ್ಟಿಯಲ್ಲಿಲ್ಲ, ಅದು ಚರಸ್ ಅಥವಾ ಗಾಂಜಾದಿಂದ ಮಾಡಿದ್ದೆಂಬುದಕ್ಕೆ ಪುರಾವೆಯಿಲ್ಲ ಎಂದು ನ್ಯಾಯಮೂರ್ತಿ ಕೆ. ನಟರಾಜನ್ ಜಾಮೀನು ಕೊಟ್ಟರು. ಉಳಿದ 400 ಗ್ರಾಂ ಸಣ್ಣ ಪ್ರಮಾಣದೊಳಗಿನದು.

ಇತರ ರಾಜ್ಯಗಳು ಒಂದು ಹೆಜ್ಜೆ ಮುಂದಿವೆ. ಉತ್ತರಾಖಂಡ 2018ರಲ್ಲೇ ನಾರಿಗಾಗಿ ಬೆಳೆಯಲು ಪರವಾನಗಿ ಕೊಟ್ಟಿತು; ಅಮಲಿನ ಅಂಶ ಟಿಎಚ್‌ಸಿ ನೂರಕ್ಕೆ 0.3 ದಾಟಬಾರದು. ಹಿಮಾಚಲದಲ್ಲಿ ಸಚಿವ ಜಗತ್ ಸಿಂಗ್ ನೇಗಿ ಅಧ್ಯಕ್ಷತೆಯ ಸಮಿತಿ ಊರೂರು ಸುತ್ತಿ ಬಂತು. 2024ರ ಸೆಪ್ಟೆಂಬರಿನಲ್ಲಿ ವಿಧಾನಸಭೆ ಅದರ ವರದಿಯನ್ನು ಒಪ್ಪಿತು, ಮರು ಜನವರಿಯಲ್ಲಿ ಸಂಪುಟ ಎರಡು ವಿಶ್ವವಿದ್ಯಾಲಯಗಳಿಗೆ ಪ್ರಾಯೋಗಿಕ ಅಧ್ಯಯನ ವಹಿಸಿತು. ದೇವಭೂಮಿ ಎಂದು ಕರೆದುಕೊಳ್ಳುವ, ನಮಗಿಂತ ಮಡಿವಂತಿಕೆ ಕಡಿಮೆಯಿಲ್ಲದ ರಾಜ್ಯ ಅದು. ಅಲ್ಲಿ ಆಗ ಇದ್ದದ್ದೂ ಕಾಂಗ್ರೆಸ್ ಸರ್ಕಾರ, ಇಲ್ಲಿನಂತೆಯೇ.

ಕೊಳಾಲ ಹೋಬಳಿ ಸೇರಿದ ಕೊರಟಗೆರೆ ಕ್ಷೇತ್ರದ ಶಾಸಕ ಜಿ. ಪರಮೇಶ್ವರ 2023ರ ಮೇ ತಿಂಗಳಲ್ಲಿ ಗೃಹ ಖಾತೆ ವಹಿಸಿಕೊಂಡವರು, ಮಾದಕ ವಸ್ತು ಮುಕ್ತ ಕರ್ನಾಟಕದ ಮಾತನ್ನು ಮತ್ತೆ ಮತ್ತೆ ಆಡಿದವರು. ಅವರು ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಪಿಎಚ್‌.ಡಿ ಪಡೆದದ್ದು ಸಸ್ಯ ಶರೀರಕ್ರಿಯಾ ವಿಜ್ಞಾನದಲ್ಲಿ. ಆ ದೇಶ 2016ರಲ್ಲಿ ವೈದ್ಯಕೀಯ ಗಾಂಜಾಕ್ಕೆ ಕಾನೂನು ಮಾಡಿತು. ಒಂದು ಗಿಡದ ಯಾವ ಭಾಗದಲ್ಲಿ ಯಾವ ರಸ ಎಷ್ಟು ಕೂಡುತ್ತದೆಂಬುದನ್ನು ಅವರಷ್ಟು ಸಲೀಸಾಗಿ ಸದನಕ್ಕೆ ವಿವರಿಸಬಲ್ಲ ಗೃಹ ಸಚಿವರು ಸಿಗುವುದು ಅಪರೂಪ.

ವಿರೋಧಿಸುವವರ ಮಾತಿನಲ್ಲೂ ಹುರುಳಿದೆ. ಹದಿಹರೆಯದಲ್ಲಿ ಚಟ ಹತ್ತಿಸಿಕೊಂಡ ಹುಡುಗರಲ್ಲಿ ಮನೋವಿಕಾರದ ಅಪಾಯ ಹೆಚ್ಚೆಂಬುದನ್ನು ಮನೋವೈದ್ಯರು ಸುಮ್ಮನೆ ಹೇಳುತ್ತಿಲ್ಲ. ಅಂಥ ಮಗನನ್ನು ನಿಮ್ಹಾನ್ಸ್‌ಗೆ ಕರೆದೊಯ್ದ ತಾಯಿಯ ಮುಂದೆ ನಿಂತು ಆ ಹಳೆಯ ಆಯೋಗದ 1894ರ ವರದಿ ಓದಲಾಗದು. ಔಷಧದ ಗುಣವೂ ಮಾರುವವರು ಹೇಳುವಷ್ಟು ವಿಶಾಲವಲ್ಲ. ಮಕ್ಕಳ ಕೆಲವು ಅಪರೂಪದ ಮೂರ್ಛೆ ರೋಗಗಳು, ಕೀಮೋ ವಾಂತಿ, ಮಲ್ಟಿಪಲ್ ಸ್ಕ್ಲೆರೋಸಿಸ್‌ನ ಸ್ನಾಯು ಬಿಗಿತ, ಇವಕ್ಕೆ ಗಟ್ಟಿ ಆಧಾರವಿದೆ. ನೋವಿನ ಮಾತಿಗೆ ಬಂದರೆ, ನೋವು ಅಧ್ಯಯನದ ಅಂತರರಾಷ್ಟ್ರೀಯ ಸಂಘವೇ 2021ರಲ್ಲಿ ಶಿಫಾರಸು ಮಾಡಲು ಒಪ್ಪಲಿಲ್ಲ. ಆದ್ದರಿಂದ ಮೊದಲ ಹೆಜ್ಜೆ ಅಂಗಡಿಯೂ ಆಗಬಾರದು, ಹೊಲವೂ ಆಗಬಾರದು. ಅಳತೆ ಗೊತ್ತಿರುವ ಎಣ್ಣೆ, ನಿಮ್ಹಾನ್ಸ್ ಅಥವಾ ಕಿದ್ವಾಯಿಯಂಥ ಆಸ್ಪತ್ರೆಯ ವಾರ್ಡು, ಲೆಕ್ಕವಿಡುವ ವೈದ್ಯರು.

ಹೊಲದ ಸರದಿ ಬರುವಾಗ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಮಳೆ ಕೈಕೊಟ್ಟು ಕಡಲೆಕಾಯಿ ಹೋದ ವರ್ಷ ಪಾವಗಡದ ರೈತನಿಗೆ ಪರವಾನಗಿಯ ಗಿಡ ಆಸೆ ಹುಟ್ಟಿಸದೆ ಇರದು. ಆದರೆ ಬಿತ್ತಿದ ಗಿಡದಲ್ಲಿ ಟಿಎಚ್‌ಸಿ 0.3ರ ಒಳಗೇ ಉಳಿಯುತ್ತದೋ ಇಲ್ಲವೋ ಎಂಬುದು ಹೂ ಬಿಟ್ಟಮೇಲೆ ಪರೀಕ್ಷೆಯಲ್ಲಿ ಗೊತ್ತಾಗುವ ವಿಷಯ. 0.4 ಬಂದರೆ ಬೆಳೆ ನಾಶ ಮಾಡಬೇಕಾಗುತ್ತದೆ. ಬೀಜ ಕೊಟ್ಟ ಕಂಪನಿ, ಪರವಾನಗಿ ಕೊಟ್ಟ ಇಲಾಖೆ, ಬೆಳೆದ ರೈತ, ಈ ಮೂವರಲ್ಲಿ ನಷ್ಟ ಯಾರ ತಲೆಗೆ ಎಂಬುದನ್ನು ನಿಯಮದ ಮೊದಲ ಪುಟದಲ್ಲೇ ಬರೆಯಬೇಕು.