ಧರ್ಮಾರ್ಥ ಜಾಲಪಾಠಗಳ ವಿಚಾರ

ಬೆಂಗಳೂರಿನ ದಕ್ಷಿಣಕ್ಕಿರುವ ಎಲೆಕ್ಟ್ರಾನಿಕ್ ಸಿಟಿಯು ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಎಂಬ ಗ್ರಾಮಗಳ ಭೂಮಿಯಲ್ಲಿ ನೆಲಸಿರುವುದು. ಅಗ್ರಹಾರವೆಂದರೆ ವಿದ್ಯಾವಂತರಿಗೆ ದತ್ತವಾದ ಊರೆಂಬುದು ವಾಚಕರಿಗೆ ವಿದಿತವೇ ಆಗಿದೆ. ಈ ಹೆಸರು ಉಳಿದಿರುವ ಎಡೆಯಲ್ಲಿಯೇ ಇಂದು ಜಾಲದ ಮೂಲಕ ಶುಲ್ಕವಿಲ್ಲದೆ ಸಹಸ್ರಾರು ಮಂದಿಗೆ ಏಕಕಾಲದಲ್ಲಿ ನಡೆಯುವ ಪಾಠಗಳಿಗೆ ಬಹಳ ಬೆಲೆಯುಂಟು. ಅವುಗಳಿಗೆ ಆಂಗ್ಲದಲ್ಲಿ ಕೊಟ್ಟಿರುವ ಸಂಕ್ಷಿಪ್ತನಾಮ ‘ಮೂಕ್’ ಎಂಬುದು. ಕನ್ನಡಿಗನ ಕಿವಿಗೆ ಇದು ವಿನೋದವೇ ಸರಿ. ಆದರೆ ಇಲ್ಲಿ ಮೂಕನಾಗಿರುವವನು ಗುರುವಲ್ಲ, ಶಿಷ್ಯನು.

2011ರಲ್ಲಿ ಅಮೆರಿಕದ ಸ್ಟಾನ್‌ಫರ್ಡಿನ ಕೃತಕಬುದ್ಧಿಯ ಪಾಠಕ್ಕೆ ಸುಮಾರು 1,60,000 ಮಂದಿ ಹೆಸರು ಬರೆಯಿಸಿದರು. ಮುಗಿಸಿದವರು ಸುಮಾರು 23,000. ಮರುವರ್ಷ ಕೋರ್ಸೆರಾ, ಎಡೆಕ್ಸ್ ಎಂಬ ಸಂಸ್ಥೆಗಳು ಹುಟ್ಟಿದವು. ಹಾರ್ವರ್ಡ್ ಮತ್ತು ಎಂಐಟಿ ಪಾಠಗಳಲ್ಲಿ 2017–18ರಲ್ಲಿ ಕೊನೆ ಮುಟ್ಟಿದವರು ನೂರಕ್ಕೆ ಮೂವರಷ್ಟೇ ಎಂದು 2019ರಲ್ಲಿ ಪ್ರಕಟವಾದ ಶೋಧನೆಯು ತಿಳಿಸಿತು. ನಮ್ಮ ದೇಶದಲ್ಲಿ ಏಳು ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ ಎನ್‌ಪಿಟಿಇಎಲ್ ಎಂಬ ಪಾಠಮಾಲೆಯನ್ನು 2003ರಲ್ಲಿ ಆರಂಭಿಸಿದವು. 2014ರಿಂದ ಪ್ರಮಾಣಪತ್ರವೂ ದೊರೆಯತೊಡಗಿತು. 2017ರಲ್ಲಿ ಕೇಂದ್ರ ಸರ್ಕಾರದ ‘ಸ್ವಯಂ’ ಬಂದಿತು. ಪಾಠವು ಉಚಿತ, ಪರೀಕ್ಷೆಗೆ ಮಾತ್ರ ಶುಲ್ಕವುಂಟು, ನಿಗದಿಯಾದ ಕೇಂದ್ರಕ್ಕೂ ಹೋಗಬೇಕು.

ಇನ್ನು ಪ್ರಾಚೀನರ ಧರ್ಮಾರ್ಥ ವಿದ್ಯೆಯನ್ನು ನೋಡೋಣ. ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನ ಕಾಲದ ಸಾಲೋಟಗಿಯ ಶಾಸನವು (ಕ್ರಿ.ಶ. 945) ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳಿದ್ದ ಶಾಲೆಯೊಂದನ್ನು ಹೇಳುತ್ತದೆ. ಅಲ್ಲಿ ಅವರ ವಾಸಕ್ಕೆ 27 ಮನೆಗಳನ್ನೂ ದೀಪದ ವೆಚ್ಚಕ್ಕೆ 12 ನಿವರ್ತನ ಭೂಮಿಯನ್ನೂ ಬಿಟ್ಟಿದ್ದಿತು. ಪಾಠಕ್ಕೆ ಶುಲ್ಕವಿಲ್ಲದಿದ್ದುದಷ್ಟೇ ಅಲ್ಲ. ಓದುವವನ ಹೊತ್ತನ್ನೂ ಬೆಳಕನ್ನೂ ದಾನಿಯೇ ಹೊತ್ತುಕೊಂಡಿದ್ದನು.

ಜಾಲಪಾಠಗಳ ಕೊರತೆಯು ಇಲ್ಲಿಯೇ ಇದೆ. ವೈಟ್‌ಫೀಲ್ಡಿನ ಪದವೀಧರನಿಗೆ ಆಂಗ್ಲವೂ ಗಣಕವೂ ಕೈವಶ. ಅವನಿಗೆ ಈ ಪಾಠಗಳು ಕಾಮಧೇನುವೇ ಸರಿ. ಪೀಣ್ಯದ ಸಣ್ಣ ಕಾರ್ಖಾನೆಯಲ್ಲಿ ಲೇತಿನ ಮುಂದೆ ರಾತ್ರಿಪಾಳಿ ಮುಗಿಸಿ ಬರುವ ಐಟಿಐ ಕಲಿತ ತರುಣನ ಗತಿ ಬೇರೆ. ಲೋಹವನ್ನು ಕೊರೆಯುವ ಶಾಸ್ತ್ರವನ್ನು ಐಐಟಿಯ ಆಚಾರ್ಯರೇ ಅವನ ಅಂಗೈಯ ದೂರವಾಣಿಯಲ್ಲಿ ಹೇಳಬಲ್ಲರೆಂಬುದು ಸಾಮಾನ್ಯವಾದ ಲಾಭವಲ್ಲ. ಅವನ ತಂದೆಗೆ ಅದು ಕನಸಿನಲ್ಲಿಯೂ ಇರಲಿಲ್ಲ. ಆದರೆ ನಿದ್ರೆಗಣ್ಣಿನಲ್ಲಿ ಆಂಗ್ಲದ ಪಾಠವು ಎಷ್ಟು ಹತ್ತೀತು? ಸಂಶಯ ಬಂದರೆ ಯಾರನ್ನು ಕೇಳಬೇಕು?

ಕೆಲವು ಪಾಠಗಳಿಗೆ ಕನ್ನಡದ ಅನುವಾದಗಳು ಬಂದಿರುವುದು ಸ್ತುತ್ಯವೇ. ಆದರೆ ಅನುವಾದಕರು ಒಂದನ್ನು ಮನಗಾಣಬೇಕು. ಲೇತು, ಚಕ್ಕು, ಬೇರಿಂಗು ಎಂಬುವು ಪೀಣ್ಯದಲ್ಲಿ ಕನ್ನಡವೇ ಆಗಿಹೋಗಿವೆ. ಅವುಗಳನ್ನು ಕಿತ್ತು ಧಾತುಪ್ರತ್ಯಯಗಳಿಂದ ಹೊಸ ಶಬ್ದಗಳನ್ನು ನಿಷ್ಪಾದಿಸುವುದು ವೈಯಾಕರಣರಿಗೆ ಉಲ್ಲಾಸವನ್ನು ತಂದೀತೇ ಹೊರತು ಕೆಲಸಗಾರನಿಗೆ ಎರಡನೆಯ ಆಂಗ್ಲವಾದೀತು. ಕನ್ನಡದ ಅಧ್ಯಾಪಕರು ಒಮ್ಮೆ ಆ ಕಾರ್ಖಾನೆಗಳಿಗೆ ಹೋಗಿ, ಅಲ್ಲಿನ ಮೇಸ್ತ್ರಿಗಳು ಹೊಸಬರಿಗೆ ಯಾವ ಮಾತಿನಲ್ಲಿ ಕೆಲಸ ಹೇಳಿಕೊಡುತ್ತಾರೆಂಬುದನ್ನು ಬರೆದುಕೊಂಡು ಬಂದರೆ, ಅನುವಾದಕ್ಕೆ ಬೇಕಾದ ಕೋಶದ ಅರ್ಧಭಾಗವು ಸಿದ್ಧವಾಗುವುದು.